ತೋಟಪ್ಪನವರ ಸೀಟು

ಆಲೂರು ಬಸ್ ಸ್ಟ್ಯಾಂಡಿನಲ್ಲಿ ಸೀಟು ಹಿಡಿಯುವ ವಿದ್ಯೆಯಲ್ಲಿ ತೋಟಪ್ಪನವರನ್ನು ಮೀರಿಸುವವರು ಇರಲಿಲ್ಲ. ಊರವರು ಹಾಗೆ ಹೇಳುತ್ತಿದ್ದರೋ ಇಲ್ಲವೋ, ತೋಟಪ್ಪನವರಂತೂ ಹೇಳುತ್ತಿದ್ದರು. ಬಹಳ ವರ್ಷ ದಿನಸಿ ಅಂಗಡಿ ನಡೆಸಿ, ಸಾಮಾನು ತರಲು ಹಾಸನಕ್ಕೂ ಸಕಲೇಶಪುರಕ್ಕೂ ಓಡಾಡಿ, ಕೊನೆಗೆ ಅಂಗಡಿಯನ್ನು ಮಗ ರಾಜಶೇಖರನಿಗೆ ಬಿಟ್ಟುಕೊಟ್ಟ ಮೇಲೆ ಅವರ ಕೈಯಲ್ಲಿ ಉಳಿದಿದ್ದ ಕಸುಬು ಇದೊಂದೇ. ಬಸ್ಸು ಸ್ಟ್ಯಾಂಡಿನೊಳಗೆ ತಿರುಗುವಾಗಲೇ ಅದರ ಜೊತೆ ಹೆಜ್ಜೆ ಹಾಕಬೇಕು. ಬಾಗಿಲಿನ ಕಡೆ ಮಾತ್ರ ಹೋಗಬಾರದು, ಅಲ್ಲಿ ಹೋಗುವವರು ಬುದ್ಧಿಯಿಲ್ಲದವರು. ಹಿಂದಿನ ಚಕ್ರದ ಮುಂದಿನ ಕಿಟಕಿ ನೋಡಿಕೊಂಡು ಒಳಗೆ ಟವೆಲ್ ಎಸೆಯಬೇಕು. ಟವೆಲ್ ಬಿದ್ದ ಸೀಟು ಟವೆಲ್ಲಿನವನದು. ಇದು ಯಾವ ಕಾನೂನಿನ ಪುಸ್ತಕದಲ್ಲೂ ಇಲ್ಲ, ಆದರೆ ತಾಲ್ಲೂಕು ಆಫೀಸಿನ ಸಾಹೇಬರೂ ಇದನ್ನು ಒಪ್ಪಿಕೊಂಡು ನಿಂತು ಪ್ರಯಾಣ ಮಾಡಿದ್ದುಂಟು.

ಈಚೆಗೆ ಮಾತ್ರ ಕಾಲ ಕೆಟ್ಟಿತ್ತು. ಕಾಲೇಜು ಹುಡುಗರು ಟವೆಲನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟು ಕೂರುವುದನ್ನು ಕಲಿತಿದ್ದರು. ಅದಕ್ಕೇ ಬುದ್ಧಿವಂತರು ಟವೆಲ್ಲಿನ ಜೊತೆಗೆ ಒಂದು ಮಗುವನ್ನೂ ಕಿಟಕಿಯಿಂದ ಒಳಗೆ ತೂರಿಸುತ್ತಿದ್ದರು. ಮಗು ಕೂತ ಸೀಟನ್ನು ಎಂಥವನೂ ಮುಟ್ಟುವುದಿಲ್ಲ. ತೋಟಪ್ಪನವರಿಗೂ ಅಂಥ ಎರಡು ಮಕ್ಕಳಿದ್ದವು. ಐದು ವರ್ಷದ ಮೊಮ್ಮಗಳು ರಶ್ಮಿತಾ, ಮೂರು ತುಂಬಿದ ಮೊಮ್ಮಗ ನಂದೀಶ. ಆದರೆ ಸೊಸೆ ಸುಮನಾ ಕಳಿಸಬೇಕಲ್ಲ!

ಸುಮನಾ ಪ್ರೈಮರಿ ಸ್ಕೂಲಿನ ಟೀಚರು. ಮಕ್ಕಳು ಎಂದರೇನು, ಕ್ಷಣದಲ್ಲಿ ಏನೇನು ಮಾಡಬಲ್ಲವು ಎಂಬುದನ್ನು ಸರ್ಕಾರದ ಸಂಬಳ ಪಡೆದು ಕಲಿತವಳು. ಮಾವನ ಜೊತೆ ಮಕ್ಕಳನ್ನು ಅಂಗಡಿಯ ತನಕ ಕಳಿಸುತ್ತಿದ್ದಳು, ಅದರಾಚೆಗಿಲ್ಲ. ಬಾಯಿಬಿಟ್ಟು ಏನೂ ಅಂದವಳಲ್ಲ. ಆದರೆ ಪ್ರತಿ ಸಲವೂ ಏನಾದರೊಂದು ಕಾರಣ ಬರುತ್ತಿತ್ತು: ಬಿಸಿಲು, ನೆಗಡಿ, ಹೋಂವರ್ಕು. ತೋಟಪ್ಪನವರು ನಕ್ಕು ಸುಮ್ಮನಾಗುತ್ತಿದ್ದರು. ಒಳಗೊಳಗೆ ಅವರಿಗೆ ನೋವಾಗುತ್ತಿತ್ತು. ಊರಿಗೆಲ್ಲ ಸಾಲ ಕೊಟ್ಟು ನಂಬಿದ ಮನುಷ್ಯನನ್ನು ಮನೆಯಲ್ಲೇ ನಂಬುವವರಿಲ್ಲವಲ್ಲ ಎಂದು ಕೊರಗುತ್ತಿದ್ದರು.

ಎರಡು ಸಾವಿರದ ಇಸವಿಯ ಜನವರಿಯಲ್ಲಿ ಮಕ್ಕಳನ್ನು ಕರೆದೊಯ್ಯುವ ಅವಕಾಶ ತಾನಾಗೇ ಒದಗಿ ಬಂತು. ಸಕಲೇಶಪುರದಲ್ಲಿ ತೋಟಪ್ಪನವರ ತಂಗಿ ಸುಮಿತ್ರಮ್ಮನ ಮೊಮ್ಮಗುವಿಗೆ ಭಾನುವಾರ ಮಧ್ಯಾಹ್ನ ನಾಮಕರಣ. ಹೆಂಡತಿ ಪಂಕಜಾಕ್ಷಿ ಅಡಿಗೆ ಕೆಲಸಕ್ಕೆಂದು ಮುಂಚೆಯೇ ಹೋಗಿದ್ದರು. ರಾಜಶೇಖರ ಅಂಗಡಿ ಬಿಟ್ಟು ಬರುವಂತಿರಲಿಲ್ಲ. ಸುಮನಾಗೆ ಅವತ್ತೇ ಪೋಲಿಯೊ ಹನಿ ಹಾಕುವ ಡ್ಯೂಟಿ, ಸಂಜೆಯವರೆಗೆ ಬೂತು ಬಿಟ್ಟು ಅಲ್ಲಾಡುವಂತಿಲ್ಲ. ಅದು ಮುಗಿದ ಮೇಲೆ ಸ್ಕೂಟರಿನಲ್ಲಿ ಸಕಲೇಶಪುರಕ್ಕೆ ಬರುವುದೆಂದಾಗಿತ್ತು. ಹೊರಡುವ ಹೊತ್ತಿಗೆ ಅವಳು ಮಾವನ ಎದುರು ನಿಂತಳು.

“ಒಂದೇ ಒಂದು ಮಾತು ಮಾವ. ಒಂದು ಕೈಯಲ್ಲಿ ಅವಳು, ಇನ್ನೊಂದು ಕೈಯಲ್ಲಿ ಇವನು. ಮನೆ ಮುಟ್ಟೋ ತನಕ ಕೈ ಬಿಡಬೇಡಿ.”

“ಹಂಗಾದ್ರೆ ಚೀಲ?”

“ಭುಜಕ್ಕೆ ಹಾಕ್ಕೊಳ್ಳಿ.”

“ಪಂಚೆ ಜಾರಿದ್ರೆ?”

“ಬೆಲ್ಟ್ ಕಟ್ಕೊಳ್ಳಿ.”

ತೋಟಪ್ಪನವರು ಪಂಚೆಯ ಮೇಲೆ ಮಗನ ಬೆಲ್ಟು ಬಿಗಿದುಕೊಂಡು, ಎರಡು ಕೈಗೂ ಒಂದೊಂದು ಮಗು ಹಿಡಿದು, ಎದೆಯುಬ್ಬಿಸಿ ಬೀದಿಗಿಳಿದರು. ಸುಮನಾ ಗೇಟಿನಲ್ಲಿ ನಿಂತು ನೋಡುತ್ತಿದ್ದಾಳೆಂದು ಬೆನ್ನಿಗೇ ಗೊತ್ತಾಗುತ್ತಿತ್ತು.

ಮನೆಯಿಂದ ಬಸ್ ಸ್ಟ್ಯಾಂಡಿಗೆ ಒಂದು ಬೀಡಿ ಸೇದುವಷ್ಟು ದಾರಿ. ಮಕ್ಕಳ ಜೊತೆ ಅದು ಹಾಸನಕ್ಕೆ ನಡೆದಷ್ಟಾಯಿತು. ನಂದೀಶ ಪ್ರತಿ ನಾಯಿಗೂ ನಿಲ್ಲುತ್ತಿದ್ದ. ನಾಯಿ ಎದ್ದು ಹೋದರೆ ಅದು ಯಾಕೆ ಹೋಯಿತು ಎಂದು ಕೇಳುತ್ತಿದ್ದ. ರಶ್ಮಿತಾ ಮುಂದಕ್ಕೆ ಎಳೆದರೆ ಇವನು ಹಿಂದಕ್ಕೆ ಎಳೆದು, ತೋಟಪ್ಪನವರು ನಡುವೆ ಶಿಲುಬೆಯಾಗಿ ನಿಂತರು. ಎದುರಿಗೆ ರೆವಿನ್ಯೂ ಇಲಾಖೆಯಿಂದ ರಿಟೈರಾದ ಶಾಂತಮಲ್ಲಪ್ಪನವರು ಬಂದರು. ನುಣ್ಣನೆಯ ಬೋಳುತಲೆ, ಮುಖದಲ್ಲಿ ಯಾವಾಗಲೂ ಒಂದು ಗತ್ತು.

“ತಾತ, ಈ ತಾತನ ಕೂದ್ಲು ಎಲ್ಲೋಯ್ತು?” ಎಂದ ನಂದೀಶ, ಇಡೀ ಬೀದಿಗೆ ಕೇಳುವಂತೆ.

ರಶ್ಮಿತಾ ತಮ್ಮನನ್ನು ಗದರಿಸಿದಳು. “ಸುಮ್ನಿರೋ, ಹಂಗೆಲ್ಲ ಕೇಳ್ಬಾರ್ದು. ಕೂದ್ಲಿಲ್ಲ ಅಂತ ಅವ್ರಿಗೆ ಗೊತ್ತಾಗ್ಬುಡುತ್ತೆ.”

ಶಾಂತಮಲ್ಲಪ್ಪನವರು ಕೆಮ್ಮಿದರು. ತೋಟಪ್ಪನವರಿಗೆ ಕೈ ಮುಗಿಯೋಣವೆಂದರೆ ಎರಡೂ ಕೈ ಖಾಲಿ ಇರಲಿಲ್ಲ. ಹಲ್ಲು ಕಿರಿದು ಮುಂದೆ ಸಾಗಿದರು.

ಸ್ಟ್ಯಾಂಡಿನಲ್ಲಿ ಜಾತ್ರೆಯಂಥ ಜನ. ಕಾಫಿ ಕುಯ್ಲಿನ ಕಾಲ, ಅದರ ಮೇಲೆ ಭಾನುವಾರ. ಗಂಟುಮೂಟೆ ಹೊತ್ತ ಹೆಂಗಸರು, ಮದುವೆಗೆ ಹೊರಟವರು, ಸುಮ್ಮನೆ ಸಿನಿಮಾಕ್ಕೆ ಹೊರಟ ಹುಡುಗರು. ಅಷ್ಟರಲ್ಲಿ ಸಕಲೇಶಪುರದ ಬಸ್ಸು ಒಳಗೆ ತಿರುಗಿತು. ಎಡಪಕ್ಕದಲ್ಲಿ ನಗ್ಗಿದ ಗುರುತು ನೋಡಿದ್ದೇ ತೋಟಪ್ಪನವರ ಮೈಯಲ್ಲಿ ಹಳೇ ರಕ್ತ ಎದ್ದು ಕುಣಿಯಿತು. ಅದು ಡ್ರೈವರ್ ದಾಸಯ್ಯನ ಬಸ್ಸು. ಅವನೂ ಗೊತ್ತು, ಅವನ ಚಾಳಿಯೂ ಗೊತ್ತು. ಬಸ್ಸು ನಿಲ್ಲಿಸಿ ಹುಚ್ಚಣ್ಣನ ಹೋಟೆಲಿಗೆ ಹೋಗಿ, ಟೀ ಕುಡಿದು, ಪೇಪರು ಓದಿ, ಯಾರನ್ನಾದರೂ ಬೈದು, ಬಂದು ಎರಡು ಸಲ ಹಾರ್ನ್ ಹೊಡೆದ ಮೇಲೇ ಹೊರಡುವುದು. ಅದಕ್ಕೆ ಮುಂಚೆ ಪ್ರಳಯವಾದರೂ ದಾಸಯ್ಯ ಗೇರು ಹಾಕುವವನಲ್ಲ.

ಕೈ ಬಿಡಬೇಡಿ ಎಂದು ಸೊಸೆ ಹೇಳಿದ್ದು ನೆನಪಿರಲಿಲ್ಲವೆಂದಲ್ಲ. ಆದರೆ ಬಸ್ಸು ಎದುರಿಗೆ ಬಂದು ನಿಂತಾಗ, ಹಿಂದಿನ ಚಕ್ರದ ಮುಂದಿನ ಕಿಟಕಿ ತೆರೆದಿರುವಾಗ, ಒಳಗೆ ಮೂರು ಜನರ ಸೀಟು ಖಾಲಿ ಕಾಣುವಾಗ ಕೈ ಕಟ್ಟಿ ನಿಲ್ಲುವುದು ತೋಟಪ್ಪನವರ ಜಾಯಮಾನಕ್ಕೆ ಒಗ್ಗದ ಮಾತು. ಟವೆಲ್ ಎಸೆದರು. ಅದರ ಹಿಂದೆಯೇ ರಶ್ಮಿತಾಳನ್ನು ಎತ್ತಿ ಕಿಟಕಿಯಲ್ಲಿ ತೂರಿಸಿದರು. ಆಗಷ್ಟೇ ಬಾಗಿಲಿನಿಂದ ಒಳಗೆ ಬಂದಿದ್ದ ಒಬ್ಬ ದಪ್ಪ ಹೆಂಗಸು ಕೈಕೊಟ್ಟು ಎಳೆದುಕೊಂಡಳು.

“ಪುಟ್ಟಿ, ಸೀಟ್ ಹಿಡ್ಕೊ. ಯಾರು ಬಂದ್ರೂ ಬಿಡ್ಬ್ಯಾಡ. ತಾತ ಬತ್ತಾರೆ ಅನ್ನು.”

“ಯಾರು ಬಂದ್ರೂ?”

“ಯಾರೇ ಬರ್ಲಿ.”

ಇಷ್ಟಾಗಿ ಬಾಗಿಲಿನ ಕಡೆ ತಿರುಗಿದರೆ ನಂದೀಶ ಮೊಣಕಾಲು ಜೋಡಿಸಿಕೊಂಡು ನಿಂತಿದ್ದ.

“ತಾತ, ಉಚ್ಚೆ.”

ಮನೆಯಲ್ಲಿ ಅವನನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ, ಸುಮನಾ ಬಾಯಲ್ಲಿ ಶಿಳ್ಳೆ ಹಾಕಿ, ನೀರು ಬಿಟ್ಟು, ಎಲ್ಲ ಮಾಡಿದ್ದಳು. ಆಗ ಮಹಾರಾಯ ಬರಲ್ಲ ಎಂದಿದ್ದ. ಮಕ್ಕಳಿಗೆ ಇಂಥದ್ದೆಲ್ಲ ಬರುವುದು ಬಸ್ಸು ಬಂದ ಮೇಲೆಯೇ. ಹೋಗಲಿ, ದಾಸಯ್ಯನ ಟೀ ಇನ್ನೂ ಕುದಿಯುತ್ತಿರುತ್ತದೆ ಎಂದುಕೊಂಡು ತೋಟಪ್ಪನವರು ಅವನನ್ನು ಕಾಂಪೌಂಡಿನ ಹಿಂದಕ್ಕೆ ಎಳೆದುಕೊಂಡು ಓಡಿದರು.

ಅಲ್ಲಿ ಶುರುವಾಯಿತು ಪಡಿಪಾಟಲು. ನಾಮಕರಣಕ್ಕೆಂದು ಹಾಕಿದ ಹೊಸ ಪ್ಯಾಂಟು, ಅದರ ಗುಂಡಿ ಕಾಜದೊಳಗೆ ಕೂತು ಹಟ ಹಿಡಿದಿತ್ತು. ತೋಟಪ್ಪನವರು ಕನ್ನಡಕ ಹುಡುಕಿ ಹಾಕಿಕೊಂಡು ಗುಂಡಿ ಬಿಚ್ಚಿದರು. ಅಷ್ಟರಲ್ಲಿ ನಂದೀಶನಿಗೆ ಗೋಡೆಯ ಮೇಲೆ ಇರುವೆ ಸಾಲು ಕಂಡಿತು.

“ತಾತ, ಇರುವೆ ಎಲ್ಲೋಗ್ತೈತೆ?”

“ಅದ್ರ ತಂಗಿ ಮನೆಗೆ. ನೀನು ಹುಯ್ಯೋ ಮಾರಾಯ.”

“ಇಲ್ಲಿ ಬ್ಯಾಡ. ಇರುವೆ ನೆಂದೋಗ್ತೈತೆ. ಅಲ್ಲಿ.”

ಅಲ್ಲಿಗೆ ಹೋದರೆ ಅಲ್ಲಿಯೂ ಇರುವೆ. ಸ್ಟ್ಯಾಂಡಿನಿಂದ ಒಂದು ಹಾರ್ನ್ ಕೇಳಿಸಿತು. ಒಂದೇ ಒಂದು. ದಾಸಯ್ಯನದು ಯಾವಾಗಲೂ ಎರಡು, ಇದು ಬೇರೆ ಯಾವುದೋ ಬಸ್ಸು ಎಂದು ತೋಟಪ್ಪನವರು ಕಿವಿಗೇ ಹಾಕಿಕೊಳ್ಳಲಿಲ್ಲ. ಇರುವೆಗಳಿಗೆ ತೊಂದರೆಯಾಗದ ಜಾಗ ಹುಡುಕಿ, ಕೆಲಸ ಮುಗಿಸಿ, ಗುಂಡಿಯ ಜೊತೆ ಇನ್ನೊಂದು ಸಲ ಗುದ್ದಾಡಿ, ಈಚೆ ಬಂದರು. ಬಸ್ಸಿದ್ದ ಜಾಗದಲ್ಲಿ ಎಣ್ಣೆಯ ಕಲೆ ಇತ್ತು.

ತೋಟಪ್ಪನವರು ಸ್ಟ್ಯಾಂಡನ್ನೆಲ್ಲ ನೋಡಿದರು, ಬಸ್ಸು ಎಲ್ಲಾದರೂ ಮೂಲೆಯಲ್ಲಿ ನಿಂತಿರಬಹುದೆಂಬಂತೆ. ಹೋಟೆಲಿನ ಕಟ್ಟೆಯ ಮೇಲೆ ಹುಚ್ಚಣ್ಣ ಲೋಟ ತೊಳೆಯುತ್ತಿದ್ದ.

“ಹುಚ್ಚಣ್ಣ, ದಾಸಯ್ಯ ಎಲ್ಲೋ?”

“ದಾಸಯ್ಯಂಗೆ ರಜ ಕಣ್ರೀ ಗೌಡ್ರೇ. ಇವತ್ತು ಯಾವನೋ ಹೊಸಬ. ಟೀ ಕೊಡ್ಲಾ ಅಂದ್ರೆ ಗ್ಯಾಸ್ಟ್ರಿಕ್ಕು, ಟೀನೇ ಮುಟ್ಟಲ್ಲ ಅಂದ. ನಿಂತಂಗೇ ಹೊಂಟೋಗ್ಬುಟ್ಟ.”

“ಅಯ್ಯೋ, ನಮ್ ಪುಟ್ಟಿ ಅದ್ರೊಳಗವಳೆ ಕಣೋ!”

ಹುಚ್ಚಣ್ಣನ ಕೈಯಿಂದ ಲೋಟ ಜಾರಿತು. “ಸುಮನಾ ಟೀಚರ್ಗೆ ಹೇಳ್ಬುಡ್ಲಾ? ಪೋಲಿಯೊ ಬೂತು ಇಲ್ಲೇ ಸ್ಕೂಲತ್ರ ಐತಲ್ಲ.”

“ಬ್ಯಾಡ!” ಎಂದರು ತೋಟಪ್ಪನವರು. ಅಷ್ಟು ಜೋರಾಗಿ ಅಂದರು ಎಂದರೆ ಕಟ್ಟೆಯ ಮೇಲಿದ್ದವರೆಲ್ಲ ತಿರುಗಿ ನೋಡಿದರು. ರಸ್ತೆಯ ತುದಿಯಲ್ಲಿ ಬೂತಿನ ಹಳದಿ ಬ್ಯಾನರು ಕಾಣುತ್ತಿತ್ತು. ತೋಟಪ್ಪನವರು ತಮಗೇ ತಿಳಿಯದೆ ಕಂಬದ ಮರೆಗೆ ಸರಿದರು. ಮಗು ಬಸ್ಸಿನಲ್ಲಿ ಒಂಟಿಯಾಗಿದೆ, ಅಳುತ್ತಿರುತ್ತದೆ, ಎಲ್ಲಿ ಇಳಿದುಬಿಡುತ್ತದೋ ಏನೋ ಎಂಬ ಭಯ ಒಂದು ಕಡೆ. ಸುಮನಾ ಇನ್ನು ಜನ್ಮದಲ್ಲಿ ಮಕ್ಕಳನ್ನು ತಮ್ಮ ಕೈಗೆ ಕೊಡುವುದಿಲ್ಲ ಎಂಬುದು ಇನ್ನೊಂದು ಕಡೆ.

ಪುಣ್ಯಕ್ಕೆ ದೋಣಿಗಲ್ ಕಡೆಯ ಎಸ್ಟೇಟಿನ ಜೀಪೊಂದು ಹೋಟೆಲಿನ ಮುಂದೆ ನಿಂತಿತ್ತು. ಡ್ರೈವರ್ ಸುನಿಲ್‌ಕುಮಾರ್ ವಿಷಯ ಕೇಳಿದವನೇ ಹತ್ತಿ ಎಂದ. ಮುಂದಿನ ಸೀಟಿನಲ್ಲಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಹೆಂಡತಿ ಸಮೇತ ಕೂತಿದ್ದರು, ಹಿಂದೆಯೇ ಹತ್ತಬೇಕು. ಹಿಂದೆ ನೋಡಿದರೆ ಎರಡು ದೊಡ್ಡ ಮಂಕರಿ ತುಂಬ ಕೋಳಿಗಳು. ಕುಯ್ಲು ಮುಗಿದ ಸಂತೋಷಕ್ಕೆ ಲೈನು ಮನೆಗಳ ಕೂಲಿಯವರಿಗೆ ಆ ಸಂಜೆ ಊಟವಂತೆ. ತೋಟಪ್ಪನವರ ವಂಶದಲ್ಲಿ ಕೋಳಿಯನ್ನು ತಿನ್ನುವುದಿರಲಿ, ಮುಟ್ಟಿದವರೂ ಇರಲಿಲ್ಲ. ಕೊರಳಲ್ಲಿ ಕಟ್ಟಿದ ಲಿಂಗದ ಕರಡಿಗೆಯನ್ನು ಅಂಗಿಯೊಳಗೆ ಭದ್ರವಾಗಿ ಸೇರಿಸಿ, ಶಿವಶಿವಾ ಎಂದು ಎರಡು ಮಂಕರಿಗಳ ನಡುವೆ ಕೂತರು. ಮಡಿಲಲ್ಲಿ ನಂದೀಶ. ಅವನ ಸಂತೋಷಕ್ಕೆ ಪಾರವೇ ಇರಲಿಲ್ಲ.

“ತಾತ, ಇದ್ರ ಹೆಸ್ರೇನು?”

“ಕೋಳಿ.”

“ಕೋಳಿ ಹೆಸ್ರೇನು?”

ತೋಟಪ್ಪನವರು ರಸ್ತೆಯನ್ನೇ ನೋಡುತ್ತಿದ್ದರು. ಹೈವೇ ಸೇರಿದ ಮೇಲೆ ಜೀಪು ವೇಗ ಹಿಡಿಯಿತು. ಪ್ರತಿ ತಿರುವಿನಲ್ಲೂ ಕೆಂಪು ಬಸ್ಸಿನ ಹಿಂಭಾಗ ಕಾಣಬಹುದೆಂದು ಕತ್ತು ಚಾಚಿದರು. ಲಾರಿ ಕಂಡಿತು, ಟ್ಯಾಂಕರು ಕಂಡಿತು, ಬಸ್ಸು ಕಾಣಲಿಲ್ಲ. ಆಗಲೇ ನಂದೀಶ, ಹೆಸರಿಲ್ಲದ ಕೋಳಿಗೆ ಗಾಳಿ ಸಾಲದೆಂದು ಕರುಣೆ ತೋರಿ, ಮಂಕರಿಯ ಮೇಲಿನ ಬಲೆಯನ್ನು ಸರಿಸಿದ.

ಒಂದು ಕೋಳಿ ತೋಟಪ್ಪನವರ ತಲೆಯ ಮೇಲೆ ಕೂತಿತು. ಇನ್ನೊಂದು ಅವರ ಹೆಗಲಿನಿಂದ ಹಾರಿ ರಸ್ತೆಗೇ ಇಳಿಯಿತು. ರೈಟರ ಹೆಂಡತಿ ಕಿರುಚಿದರು. ಸುನಿಲ್‌ಕುಮಾರ್ ಬ್ರೇಕ್ ಹಾಕಿದ.

“ಬುಟ್ಟಾಕೋ ಮಾರಾಯ, ಒಂದು ಕೋಳಿ ತಾನೇ!” ಎಂದರು ತೋಟಪ್ಪನವರು.

“ಬುಟ್ರೆ ಲೈನಿನವರು ಕೋಳಿ ಬದ್ಲು ನನ್ನ ಕುಯ್ತಾರೆ ಕಣ್ರೀ. ಇಳೀರಿ, ಹಿಡಿಯುವ.”

ಕೊಯ್ದ ಭತ್ತದ ಗದ್ದೆಯಲ್ಲಿ ತೋಟಪ್ಪನವರು ಪಂಚೆ ಎತ್ತಿ ಕಟ್ಟಿ ಕೋಳಿಯ ಹಿಂದೆ ಓಡಿದರು. ಸುನಿಲ್‌ಕುಮಾರ್ ಆ ಕಡೆಯಿಂದ, ರೈಟರು ಈ ಕಡೆಯಿಂದ. ನಂದೀಶ ಬದುವಿನ ಮೇಲೆ ನಿಂತು ಕೋಳಿಯ ಪರವಾಗಿ ಕೂಗುತ್ತಿದ್ದ. ಕೊನೆಗೆ ಅದು ದಣಿದು ತೋಟಪ್ಪನವರ ಕಾಲಬುಡದಲ್ಲೇ ಕುಕ್ಕರಿಸಿತು. ಕಣ್ಣು ಮುಚ್ಚಿಕೊಂಡು ಅದನ್ನು ಎತ್ತಿಕೊಂಡರು. ಬೆಚ್ಚಗಿತ್ತು, ಅದರ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು.

ಒಂದು ಕೈಯಲ್ಲಿ ನಂದೀಶನನ್ನು ಹಿಡಿದು, ಇನ್ನೊಂದು ಕೈಯಲ್ಲಿ ಕೋಳಿಯನ್ನು ಅವಚಿಕೊಂಡು ಜೀಪಿನ ಕಡೆ ಬರುವಾಗ ತೋಟಪ್ಪನವರಿಗೆ ಅದು ಹೊಳೆಯಿತು. ಸೊಸೆ ಹೇಳಿದಂತೆ ಎರಡು ಕೈಯೂ ತುಂಬಿದ್ದವು. ರಶ್ಮಿತಾ ಇರಬೇಕಾಗಿದ್ದ ಕೈಯಲ್ಲಿ ಕೋಳಿ ಇತ್ತು. ಸೀಟು, ಹೆಸರು, ಮರ್ಯಾದೆ ಎಲ್ಲ ಹಾಳಾಗಿ ಹೋಗಲಿ, ಮಗು ಒಂದು ಸಿಕ್ಕಿದರೆ ಸಾಕು ಎಂದು ಮನಸ್ಸಿನಲ್ಲೇ ದೇವರ ಕಾಲು ಹಿಡಿದರು.

ಪಾಳ್ಯದ ಸ್ಟಾಪಿನಲ್ಲಿ ಬಸ್ಸು ನಿಂತಿತ್ತು. ಸುಮ್ಮನೆ ನಿಂತಿರಲಿಲ್ಲ. ಅರ್ಧ ಜನ ಕೆಳಗಿಳಿದು ಕೈ ಬೀಸಿ ವಾದ ಮಾಡುತ್ತಿದ್ದರು. ಮಗುವನ್ನು ಆಲೂರಿಗೆ ವಾಪಸ್ ಕಳಿಸಬೇಕು ಎಂದು ಕೆಲವರು, ಸಕಲೇಶಪುರದ ಸ್ಟೇಷನ್ನಿಗೆ ಒಪ್ಪಿಸಬೇಕು ಎಂದು ಕೆಲವರು, ಯಾವುದಾದರೂ ಮಾಡಿ, ಮೊದಲು ಬಸ್ಸು ಬಿಡಿ ಎಂದು ಮದುವೆಗೆ ಹೊರಟವರು. ಗ್ಯಾಸ್ಟ್ರಿಕ್ಕಿನ ಡ್ರೈವರು ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಕೂತಿದ್ದ. ತೋಟಪ್ಪನವರು ಜೀಪು ನಿಲ್ಲುವ ಮೊದಲೇ ಇಳಿದು, ನಂದೀಶನನ್ನು ಸೊಂಟಕ್ಕೇರಿಸಿ, ಜೀವಮಾನದಲ್ಲಿ ಮೊದಲ ಸಲ ಕಿಟಕಿಯ ಕಡೆ ನೋಡದೆ ಬಾಗಿಲಿನಿಂದಲೇ ಬಸ್ಸಿಗೆ ನುಗ್ಗಿದರು.

ಅರ್ಧ ಜನ ಇಳಿದಿದ್ದರೂ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಜನ ಒಬ್ಬರ ಮೇಲೊಬ್ಬರು ನಿಂತಿದ್ದರು. ಅದರ ನಡುವೆ ಮೂರು ಜನರ ಸೀಟಿನಲ್ಲಿ ರಶ್ಮಿತಾ ಉದ್ದಕ್ಕೆ ಮಲಗಿದ್ದಳು. ಈ ತುದಿಗೆ ತಲೆ, ಎಟುಕದ ಆ ತುದಿಗೆ ಟವೆಲ್ ಹಾಸಿ, ಟವೆಲ್ಲಿನ ಚುಂಗನ್ನು ಬೂಟಿನ ಕಾಲಲ್ಲಿ ಒತ್ತಿ ಹಿಡಿದಿದ್ದಳು. ಎರಡು ಕೈಯಲ್ಲೂ ಮುಂದಿನ ಸೀಟಿನ ಕಂಬಿ ಬಿಗಿಯಾಗಿ ಹಿಡಿದಿದ್ದಳು.

“ತಾತ, ಎಷ್ಟೊತ್ತು? ನನ್ ಕೈ ನೋಯ್ತೈತೆ,” ಎಂದಳು.

ತೋಟಪ್ಪನವರು ಮಗುವನ್ನು ಬಾಚಿ ತಬ್ಬಿಕೊಂಡರು. ಕಿಟಕಿಯಿಂದ ಕೈಕೊಟ್ಟು ಎಳೆದುಕೊಂಡಿದ್ದ ದಪ್ಪ ಹೆಂಗಸು ಚೆಲುವಮ್ಮ ಅದೇ ಸೀಟಿನ ಪಕ್ಕ ಅಕ್ಕಿ ಚೀಲ ಹೊತ್ತು ನಿಂತಿದ್ದಳು. ಅವಳ ಸಹನೆ ಮುಗಿದಿತ್ತು.

“ಏನ್ ಯಜಮಾನ್ರೇ, ನಿಮ್ಗೆ ಬುದ್ಧಿ ಐತಾ? ನಾ ಕೂತ್ಕತ್ತೀನಿ ಕಣವ್ವ, ನನ್ ತೊಡೆ ಮ್ಯಾಗೆ ನಿನ್ನ ಕೂರ್ಸ್ಕತ್ತೀನಿ ಅಂದ್ರೂ ಬಿಡ್ನಿಲ್ಲ. ತಾತ ಬತ್ತಾರೆ ಅಂತಾಳೆ. ಆಲೂರಿಂದ ನಿಂತೀವ್ನಿ ನಾನು!”

ಕಂಡಕ್ಟರು ರವಿ ಎಂಬ ಎಳೆಯ ಹುಡುಗ. ಅವನ ಕಥೆ ಇನ್ನೂ ಘೋರವಾಗಿತ್ತು. “ನೋಡಿ ಸಾರ್, ಊರು ಯಾವ್ದು ಅಂದ್ರೆ ನಮ್ಮೂರು ಅಂತಾಳೆ. ತಾತನ ಹೆಸ್ರೇನು ಅಂದ್ರೆ ತಾತ. ಅಮ್ಮನ ಹೆಸ್ರು ಅಂದ್ರೆ ಟೀಚರ್. ಕಾಲೇಜು ಹುಡ್ಗ ಒಬ್ಬ ಕೂರಕ್ಕೆ ಹೋದ, ಅವ್ನ ಕೈ ಕಚ್ಚವಳೆ.” ಹಿಂದಿನ ಸೀಟಿನಿಂದ ಒಬ್ಬ ಹುಡುಗ ಪೆಚ್ಚಾಗಿ ಕೈಯೆತ್ತಿ ತೋರಿಸಿದ.

“ಅತ್ಲಾ ಪುಟ್ಟಿ?” ಎಂದು ತೋಟಪ್ಪನವರು ಮೆಲ್ಲಗೆ ಕಂಡಕ್ಟರನನ್ನು ಕೇಳಿದರು.

“ಇಲ್ಲ ಸಾರ್. ಹೈವೇ ಸೇರ್ದಾಗ ಕಿಟಕೀಲಿ ಹಿಂದಕ್ಕೆ ನೋಡಿ ಒಂದ್ಸಲ ಬಾಯಿ ಸೊಟ್ಟ ಮಾಡ್ಕಂಡ್ಳು. ಈಗ ಅಳ್ತಾಳೆ ಅಂದ್ಕಂಡೆ. ನುಂಗ್ಕಂಡ್ಬುಟ್ಲು.”

ಚೆಲುವಮ್ಮನನ್ನು ಸೀಟಿನಲ್ಲಿ ಕೂರಿಸಿ, ಕಚ್ಚಿಸಿಕೊಂಡವನ ಕ್ಷಮೆ ಕೇಳಿ, ತೋಟಪ್ಪನವರು ಎರಡು ಮಕ್ಕಳನ್ನೂ ತೊಡೆಯ ಮೇಲೆ ಹಾಕಿಕೊಂಡು ಕೂತರು. ಅಂಗಿಯ ತುಂಬ ಕೋಳಿಪುಕ್ಕ. ಬಸ್ಸು ಹೊರಟು, ಎದೆಬಡಿತ ತಹಬಂದಿಗೆ ಬಂದ ಮೇಲೆ ಅವರಲ್ಲಿದ್ದ ವ್ಯಾಪಾರಿ ನಿಧಾನವಾಗಿ ಎಚ್ಚರಗೊಂಡ.

“ಪುಟ್ಟಿ, ಇದ್ನೆಲ್ಲ ಅಮ್ಮಂಗೆ ಹೇಳೋದು ಬ್ಯಾಡ ಕಣೇ.”

“ಅಮ್ಮ ಕೇಳಿದ್ರೂ?”

“ಕೇಳಿದ್ರೂ.”

ರಶ್ಮಿತಾ ಗಂಭೀರವಾಗಿ ತಲೆಯಾಡಿಸಿದಳು. ನಂದೀಶನಿಗೆ ಹೇಳಿ ಪ್ರಯೋಜನವಿರಲಿಲ್ಲ. ಅವನು ಸುಮಿತ್ರಮ್ಮನ ಮನೆಯ ಬಾಗಿಲಲ್ಲೇ, ವಿಭೂತಿ ಹಚ್ಚಿಕೊಂಡು ಕೂತಿದ್ದ ಸ್ವಾಮಿಗಳೂ ಬೀಗರೂ ಕೇಳುವಂತೆ, “ನಾವು ಕೋಳಿ ಜೊತೆ ಬಂದ್ವಿ, ತಾತ ಕೋಳಿ ಎತ್ಕಂಡಿದ್ರು!” ಎಂದು ಸಾರಿದ. ಎಲ್ಲರೂ ನಕ್ಕರು. ಮಕ್ಕಳ ಮಾತು! ತೋಟಪ್ಪನವರು ಎಲ್ಲರಿಗಿಂತ ಜೋರಾಗಿ ನಕ್ಕರು. ಪಂಕಜಾಕ್ಷಿ ಮಾತ್ರ ನಗಲಿಲ್ಲ. ಗಂಡನ ಕಾಲರಿನಿಂದ ಒಂದು ಪುಕ್ಕ ಹೆಕ್ಕಿ ತೆಗೆದು, ಅದನ್ನೂ ಅವರನ್ನೂ ನೋಡಿ, ಸ್ನಾನ ಮಾಡಿ ಬನ್ನಿ ಎಂದಷ್ಟೇ ಹೇಳಿ ಒಳಗೆ ಹೋದರು.

ಮಗುವಿಗೆ ಹೆಸರಿಟ್ಟರು. ಊಟವಾಯಿತು. ಹೋಳಿಗೆ ತೋಟಪ್ಪನವರ ಗಂಟಲಲ್ಲಿ ಇಳಿಯಲಿಲ್ಲ. ಸಂಜೆ ಸುಮಿತ್ರಮ್ಮನ ಮನೆಯ ಮುಂದೆ ಸ್ಕೂಟರಿನ ಸದ್ದಾದಾಗ ಅವರು ಜಗಲಿಯ ಮೂಲೆಯಲ್ಲಿ ಪೇಪರು ಹಿಡಿದು ಕೂತಿದ್ದರು. ಅದು ತಲೆಕೆಳಗಾಗಿತ್ತು.

ಸುಮನಾ ಒಳಗೆ ಬಂದು, ಕಾಲು ತೊಳೆದು, ನೀರು ಕುಡಿದು ಜಗಲಿಯ ಮೇಲೆ ಕೂತಳು. ಮಕ್ಕಳು ಓಡಿ ಬಂದು ಮೇಲೆ ಬಿದ್ದವು.

“ಬಸ್ಸಲ್ಲಿ ಹೆಂಗಿತ್ತು ಪುಟ್ಟಿ?”

“ಸೀಟ್ ಇತ್ತು,” ಎಂದಳು ರಶ್ಮಿತಾ.

“ತಾತ ಕೈ ಬಿಡಲಿಲ್ಲ ತಾನೇ?” ಸುಮನಾ ಕೇಳಿದ್ದು ಮಗಳನ್ನು, ನೋಡಿದ್ದು ಮಾವನನ್ನು.

ರಶ್ಮಿತಾ ತಾತನ ಕಡೆ ತಿರುಗಿದಳು. ತುಟಿ ಬಿಗಿಹಿಡಿದಿದ್ದಳು. ನೋಡುತ್ತ ನೋಡುತ್ತ ಅವಳ ಬಾಯಿ ಒಂದು ಕಡೆಗೆ ಸೊಟ್ಟಗಾಯಿತು. ಗಲ್ಲ ನಡುಗಿತು. ಆದರೂ ಅವಳು ಹೇಳಲಿಲ್ಲ.

ಕಂಡಕ್ಟರು ಹೇಳಿದ್ದ ಆ ಸೊಟ್ಟ ಬಾಯನ್ನು ತೋಟಪ್ಪನವರು ಈಗ ಕಣ್ಣಾರೆ ಕಂಡರು. ಬಸ್ಸಿನಲ್ಲಿ ಅದನ್ನು ನೋಡಲು ತಾವಿರಲಿಲ್ಲ. ಈಗ ಎದುರಿಗೇ ಇದ್ದೂ, ಈ ಎಳೇ ಜೀವದ ಕೈಯಲ್ಲಿ ಮತ್ತೆ ತಮ್ಮದೇ ಜಾಗ ಹಿಡಿಸಿ, ತಾವು ಮರೆಯಲ್ಲಿ ಕೂತಿದ್ದಾರೆ. ಅವರಿಗೆ ತಮ್ಮ ಮೇಲೇ ಅಸಹ್ಯವಾಯಿತು. ಪೇಪರು ಕೆಳಗಿಟ್ಟರು.

“ಬುಡು ಪುಟ್ಟಿ, ಸಾಕು,” ಎಂದರು. “ಬಿಟ್ಟೆ ಕಣಮ್ಮ ಸುಮನಾ. ಕೈ ಬಿಟ್ಟೆ. ಸೀಟಿನ ಆಸೆಗೆ ಮಗೂನ ಕಿಟಕೀಲಿ ತೂರಿಸ್ಬುಟ್ಟೆ. ಬಸ್ ಹೊಂಟೋಯ್ತು.”

ಆಗ ರಶ್ಮಿತಾ ಅತ್ತಳು. ಬೆಳಗಿನಿಂದ ನುಂಗಿಕೊಂಡಿದ್ದನ್ನೆಲ್ಲ ಸೇರಿಸಿ ಅತ್ತಳು. ಓಡಿ ಬಂದು ತಾತನ ಎದೆಗೆ ಗುದ್ದುತ್ತ, “ಯಾಕ್ ಬರ್ಲಿಲ್ಲ? ಯಾಕ್ ಅಷ್ಟೊತ್ತು ಬರ್ಲಿಲ್ಲ?” ಎಂದು ಅವರ ಮಡಿಲಲ್ಲೇ ಮುಖ ಹುದುಗಿಸಿದಳು. ತೋಟಪ್ಪನವರು ಅವಳ ಬೆನ್ನು ಸವರುತ್ತ ತಲೆ ತಗ್ಗಿಸಿ, ಇರುವೆ, ಹಾರ್ನ್, ಕೋಳಿ, ಕಚ್ಚಿಸಿಕೊಂಡವನು, ಒಂದನ್ನೂ ಬಿಡದೆ ಹೇಳಿ ಮುಗಿಸಿದರು. ತಲೆಯೆತ್ತಿ ಸೊಸೆಯ ಮುಖ ನೋಡುವ ಧೈರ್ಯ ಬರಲಿಲ್ಲ.

“ನೀವು ಜೀಪು ಹತ್ತಿದ ತಕ್ಷಣ ಹುಚ್ಚಣ್ಣ ಬೂತಿಗೆ ಓಡಿ ಬಂದಿದ್ದ ಮಾವ,” ಎಂದಳು ಸುಮನಾ. “ಇಲ್ಲಿಗೆ ಫೋನ್ ಮಾಡಿ, ಮೂವರೂ ಬಂದ್ರು ಅಂತ ಅತ್ತೆ ಹೇಳೋ ತನಕ ನನ್ನ ಜೀವ ನನ್ನಲ್ಲಿರಲಿಲ್ಲ. ಅಲ್ಲೀತನಕ ಎಷ್ಟು ಮಕ್ಕಳ ಬಾಯಿಗೆ ಹನಿ ಹಾಕಿದ್ನೋ, ಎಷ್ಟು ಮಕ್ಕಳ ಮೂಗಿಗೆ ಹಾಕಿದ್ನೋ ದೇವರಿಗೇ ಗೊತ್ತು.”

ಒಳಬಾಗಿಲಲ್ಲಿ ಪಂಕಜಾಕ್ಷಿ ಸೆರಗು ಬಾಯಿಗೆ ಅಡ್ಡ ಹಿಡಿದು ನಿಂತಿದ್ದರು. ಮಧ್ಯಾಹ್ನವೆಲ್ಲ ಹೋಳಿಗೆಗೆ ತುಪ್ಪ ಬಡಿಸಿದವರಿಗೂ ಎಲ್ಲ ಗೊತ್ತಿತ್ತು ಎಂದ ಹಾಗಾಯಿತು. ತೋಟಪ್ಪನವರಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

“ನೀವಾಗೇ ಹೇಳ್ತೀರೋ ಇಲ್ವೋ ಅಂತ ಕಾಯ್ತಿದ್ದೆ,” ಎಂದಳು ಸುಮನಾ. ಅವಳ ದನಿ ಸಣ್ಣಗೆ ಒಡೆಯಿತು, ಸರಿಮಾಡಿಕೊಂಡಳು. “ಮುಂದಿನ ತಿಂಗಳು ಪೋಲಿಯೊ ಎರಡನೇ ಸುತ್ತು. ಅವತ್ತೂ ನನಗೆ ಬೂತೇ. ಮಕ್ಕಳನ್ನ ನೀವೇ ನೋಡ್ಕೋಬೇಕು.”

ತೋಟಪ್ಪನವರು ತಲೆಯೆತ್ತಿದರು. ಕೇಳಿಸಿದ್ದು ನಿಜವೋ ಸುಳ್ಳೋ ತಿಳಿಯಲಿಲ್ಲ. “ನನ್ ಜೊತೆ ಕಳಿಸ್ತೀಯಾ?”

“ಎಲ್ಲಿಗೆ ಬೇಕಾದ್ರೂ ಕರ್ಕೊಂಡ್ ಹೋಗಿ. ಆದರೆ ಒಂದೇ ಒಂದು ಮಾತು.”

“ಹೇಳಮ್ಮ.”

“ಬಸ್ಸಲ್ಲಿ ನಿಂತ್ಕೊಂಡೇ ಹೋಗಿ.”